ಬೆಳಗಾಗುವಷ್ಟರಲ್ಲಿ ಇಲ್ಲವಾದ ಗ್ರಹ

ಗ್ರಹ ಅಲ್ಲಿರಲಿಲ್ಲ.

ತಾರಾಲಯದ ಖಾಲಿ ಗುಮ್ಮಟದಡಿ ಒಬ್ಬಳೇ ಕೂತಿದ್ದ ಆಕೆ ಅದೇ ನಕ್ಷತ್ರಕ್ಕೆ ಮತ್ತೊಮ್ಮೆ ಹೋಗಿ ನೋಡಿದಳು. ಮಂಕು ಕೆಂಪು ಬಣ್ಣದ, ಹೆಸರೂ ಇಲ್ಲದೆ ಬರೀ ಸಂಖ್ಯೆಯಿಂದ ಕರೆಸಿಕೊಳ್ಳುವ ಬಡಪಾಯಿ ನಕ್ಷತ್ರ. ನಿನ್ನೆ ಬಾಗಿಲು ಹಾಕಿ ಹೊರಡುವಾಗ ಅದರ ಮಗ್ಗುಲಲ್ಲಿ ಸಣ್ಣ ಬಿಳಿ ಚುಕ್ಕೆಯೊಂದು ಸುತ್ತುತ್ತಿತ್ತು. ಈಗ ಆ ಜಾಗ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಖಾಲಿ. ಅದರ ಜೊತೆಗಿದ್ದ ಕಿತ್ತಳೆ ಬಣ್ಣದ ಚುಕ್ಕೆ ಮಾತ್ರ ಊರಿಗೆ ಬೆಂಕಿ ಬಿದ್ದರೂ ತನಗೇನು ಎಂಬಂತೆ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು.

ಯಂತ್ರ ಕೆಟ್ಟಿರಲಿ ದೇವರೇ ಎಂದುಕೊಂಡಳು. ಯಂತ್ರ ಕೆಟ್ಟಿರಲಿಲ್ಲ. ಖಗೋಳ ವಿಜ್ಞಾನಿಗಳ ಪಟ್ಟಿ ದಿನವೂ ನಸುಕಿನಲ್ಲಿ ತಾನಾಗಿಯೇ ಇವರ ಕಂಪ್ಯೂಟರಿಗೆ ಇಳಿಯುತ್ತದೆ. ಹೊಸದಾಗಿ ಸಿಕ್ಕದ್ದು ಸೇರುತ್ತದೆ, ತಪ್ಪೆಂದು ಗೊತ್ತಾದದ್ದು ಬಿಟ್ಟುಹೋಗುತ್ತದೆ. ಇವತ್ತು ಬಿಟ್ಟುಹೋದದ್ದು ಒಂದೇ ಒಂದು. ಕಾರಣವನ್ನೂ ಬರೆದಿದ್ದರು: ಗ್ರಹದ ಎಳೆತಕ್ಕೆ ನಕ್ಷತ್ರ ಓಲಾಡುತ್ತಿದೆ ಎಂದುಕೊಂಡದ್ದು ತಪ್ಪು, ನಕ್ಷತ್ರದ ಮೈಮೇಲಿನ ಕಲೆಗಳು ಸುತ್ತಿ ಸುತ್ತಿ ಎದುರಿಗೆ ಬಂದಾಗ ಹಾಗೆ ಕಂಡಿದೆ. ಅಲ್ಲಿ ಗ್ರಹವಿಲ್ಲ.

ಬೇರೆ ಯಾವ ದಿನವಾಗಿದ್ದರೂ ಆಕೆ ಇದನ್ನು ಓದಿ, ತಲೆದೂಗಿ, ಚಹಾ ಕುಡಿಯಲು ಹೋಗುತ್ತಿದ್ದಳು. ಆದರೆ ಇವತ್ತು ಮಧ್ಯಾಹ್ನ, ಇದೇ ಗುಮ್ಮಟದಡಿ, ಇದೇ ಬಿಳಿ ಚುಕ್ಕೆಯ ಕಾರಣಕ್ಕೆ ಒಬ್ಬ ಮುದುಕರಿಗೆ ಸನ್ಮಾನವಿತ್ತು.

ತಾರಾಲಯದಲ್ಲಿ ಎಲ್ಲರೂ ಆಕೆಯನ್ನು ಜರಡಿ ಎನ್ನುತ್ತಿದ್ದರು. ಎದುರಿಗೆ ಜರಡಿ ಮೇಡಂ, ಬೆನ್ನ ಹಿಂದೆ ಬರೀ ಜರಡಿ. ಆಕೆ ಕಟ್ಟಿದ ತಂತ್ರಾಂಶದಿಂದ ಬಂದ ಹೆಸರು ಅದು. ಆಕಾಶದಲ್ಲಿ ನಿಜವಾಗಿ ಇರುವ ನಕ್ಷತ್ರ, ಗ್ರಹ, ಧೂಳುಮೋಡಗಳನ್ನು, ವೈಜ್ಞಾನಿಕ ಕಥೆ ಬರೆಯುವವರು ತಮ್ಮ ಪಾತ್ರಗಳನ್ನು ಇಳಿಸಿದ ಜಾಗಗಳಿಗೆ ಕೊಂಡಿ ಹಾಕುವ ತಂತ್ರಾಂಶ. ಗುಮ್ಮಟದ ಮೇಲೆ ಒಂದು ನಕ್ಷತ್ರವನ್ನು ಆರಿಸಿದರೆ, ಯಾವ ಕಥೆಯವರು ಅಲ್ಲಿ ಮನೆ ಮಾಡಿದ್ದಾರೆ, ಯಾರು ಅಲ್ಲಿ ಯುದ್ಧ ಸೋತಿದ್ದಾರೆ, ಎಲ್ಲವೂ ಕಾಣುತ್ತದೆ. ಕೊಂಡಿ ಹಾಕಿದರೂ ಎರಡನ್ನೂ ಜರಡಿ ಹಿಡಿದಂತೆ ಬೇರೆ ಮಾಡಿ ತೋರಿಸುತ್ತದೆ: ನಿಜವಾದ ಗ್ರಹಕ್ಕೆ ಬಿಳಿ ಚುಕ್ಕೆ. ಕಟ್ಟಿದ್ದಕ್ಕೆ ಕಿತ್ತಳೆ. ಇದು ಆಕೆಯ ನಿಯಮ, ಮತ್ತು ಈ ನಿಯಮದಲ್ಲಿ ಆಕೆ ಯಾರ ಮುಲಾಜಿಗೂ ಒಳಗಾದವಳಲ್ಲ. ಒಬ್ಬ ಲೇಖಕ 'ನಮ್ಮ ನೌಕೆ ಆ ನಕ್ಷತ್ರದ ಎಡಗಡೆಯಿಂದ ಹೋಯಿತು' ಎಂದು ಬರೆದಿದ್ದಕ್ಕೆ, 'ಅಂತರಿಕ್ಷದಲ್ಲಿ ಎಡಗಡೆ ಎಂದರೆ ಯಾವ ಕಡೆ, ದಯವಿಟ್ಟು ತಿಳಿಸಿ' ಎಂದು ಕೇಳಿ, ಉತ್ತರ ಬರುವವರೆಗೆ ಆ ನೌಕೆಯನ್ನು ದಾರಿಯಲ್ಲೇ ನಿಲ್ಲಿಸಿಟ್ಟಿದ್ದಳು. ಅದು ಇನ್ನೂ ಅಲ್ಲೇ ನಿಂತಿದೆ.

ಈ ಹಟಕ್ಕೆ ಹಿಂದಿನ ಕಥೆಯೊಂದಿದೆ. ಅವಳದು ಅಕ್ಷರ ಗೊತ್ತಿಲ್ಲದ ಮನೆ. ಹಳ್ಳಿಯ ಶಾಲೆಯಲ್ಲಿ ಪುಸ್ತಕಗಳೆಂದರೆ ಒಂದು ಕಬ್ಬಿಣದ ಬೀರು. ಅದರ ವಿಜ್ಞಾನದ ಅರೆಯಲ್ಲಿ ರಟ್ಟು ಕಿತ್ತುಹೋದ, ಮೊದಲ ಹಾಳೆಗಳನ್ನು ಗೆದ್ದಲು ತಿಂದ ಪುಸ್ತಕವೊಂದಿತ್ತು. ಮೂರು ಸೂರ್ಯರಿರುವ, ನೀಲಿ ಹಿಮ ಬೀಳುವ ಒಂದು ಗ್ರಹದ ವರ್ಣನೆ ಅದರಲ್ಲಿತ್ತು. ಗಾತ್ರ, ತೂಕ, ದೂರ ಎಲ್ಲವೂ ಇತ್ತು. ಹುಡುಗಿ ಅದನ್ನು ಬಾಯಿಪಾಠ ಮಾಡಿದಳು. ಕಾಲೇಜಿಗೆ ಸೇರುವಾಗ ಮೌಖಿಕ ಪರೀಕ್ಷೆಯಲ್ಲಿ, ನಮ್ಮ ಸೂರ್ಯನಾಚೆಯ ಯಾವುದಾದರೂ ಗ್ರಹದ ಬಗ್ಗೆ ಹೇಳಮ್ಮ ಎಂದರು. ಉಸಿರು ತೆಗೆಯದೆ ಹೇಳಿದಳು. ಮೇಜಿನಾಚೆಯವರು ಮುಖ ಮುಖ ನೋಡಿಕೊಂಡರು. ಒಬ್ಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೀಟು ಕೊಟ್ಟರು, ನಿಜ. ಆದರೆ ಆ ನಗು ಅವಳ ಕಿವಿಯಲ್ಲೇ ಉಳಿದುಬಿಟ್ಟಿತು. ಕಥೆಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ರಟ್ಟು ಕಿತ್ತವರ ಮೇಲೆ ಬಂತು. ಇದು ಕಥೆ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಅವಳು ಅದನ್ನು ಇನ್ನಷ್ಟು ಪ್ರೀತಿಯಿಂದ ಓದುತ್ತಿದ್ದಳು.

ಇನ್ನು ಆ ಮುದುಕರು. ಕೆಲಸದಲ್ಲಿದ್ದಷ್ಟು ಕಾಲ ಅವರು ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿ ಬರೆದುಕೊಳ್ಳುವವರು. ಹಾಗಾಗಿ ಎಲ್ಲರಿಗೂ ಮೀಟರ್ ಅಜ್ಜ. ಬಿಸಿಲಲ್ಲಿ ಗೇಟುಗಳ ಮುಂದೆ ಕಾಯುತ್ತಾ ಕಾಯುತ್ತಾ ತಲೆಯೊಳಗೆ ಒಂದು ಗ್ರಹ ಕಟ್ಟಿದರು. ಅದರ ಒಂದು ಮುಖಕ್ಕೆ ಸದಾ ಹಗಲು, ಇನ್ನೊಂದಕ್ಕೆ ಸದಾ ಇರುಳು. ನಡುವಿನ ಮುಸ್ಸಂಜೆಯ ಅಂಚಿನಲ್ಲಿ ಮಾತ್ರ ಜನ ಬದುಕುತ್ತಾರೆ. ಅಲ್ಲಿ ಯಾರ ಮನೆಯಲ್ಲಿ ಎಷ್ಟು ಬೆಳಕು ಉರಿಯಿತೆಂದು ಅಳೆಯುತ್ತಾ ಹೋಗುವವನೇ ಅವರ ಕಥಾನಾಯಕ. ಆ ಗ್ರಹಕ್ಕೆ ಒಂದು ನೆಲೆ ಬೇಕಲ್ಲ ಎಂದು, ಯಾವುದೋ ನಕ್ಷತ್ರಪಟದಲ್ಲಿ ಬೆರಳಿಟ್ಟು, ಹೆಸರಿಲ್ಲದ ಆ ಕೆಂಪು ನಕ್ಷತ್ರವನ್ನು ಆರಿಸಿಕೊಂಡರು. ಪುಸ್ತಕಗಳು ಬಂದವು, ಯಾರೂ ಓದಲಿಲ್ಲ, ಮೂಲೆ ಸೇರಿದವು. ಎರಡು ವರ್ಷದ ಹಿಂದೆ ವಿಜ್ಞಾನಿಗಳು ಅದೇ ನಕ್ಷತ್ರದ ಸುತ್ತ ಒಂದು ಗ್ರಹ ಸಿಕ್ಕಿದೆ ಎಂದರು. ಕೊಂಡಿ ಕಂಡುಹಿಡಿದದ್ದು ಜರಡಿಯ ತಂತ್ರಾಂಶ. ಅಲ್ಲಿಂದ ಅಜ್ಜನ ನಸೀಬು ತಿರುಗಿತು.

ಸನ್ಮಾನದ ವಿಷಯ ಹೇಳಲು ಫೋನ್ ಮಾಡಿದ್ದಾಗ ಅಜ್ಜ ಹೇಳಿದ್ದರು, "ಸನ್ಮಾನ ಇರ್ಲಿ ಬಿಡಮ್ಮ. ನನ್ನ ಮಗ ಈಗ ನನ್ನ ಪಕ್ಕ ಊಟಕ್ಕೆ ಕೂತ್ಕೋತಾನೆ. ಮೊದಲು ತಟ್ಟೆ ಎತ್ಕೊಂಡು ಟೀವಿ ಮುಂದೆ ಹೋಗ್ತಿದ್ದ. ಆಫೀಸ್‌ನಲ್ಲಿ ಎಲ್ಲರ ಹತ್ರ 'ನಮ್ಮಪ್ಪನ ಗ್ರಹ' ಅಂತ ಹೇಳ್ಕೊಂಡು ತಿರುಗ್ತಿದ್ದಾನಂತೆ. ಎಲ್ಲಾ ಆ ಬಿಳಿ ಚುಕ್ಕೆ ಪುಣ್ಯ."

ಆ ಮಾತು ನೆನಪಾಗಿ ಜರಡಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿರ್ದೇಶಕರ ಕೋಣೆಗೆ ಹೋದಳು.

ನಿರ್ದೇಶಕರು ಕೆಟ್ಟವರಲ್ಲ. ಆದರೆ ಕಾರ್ಯಕ್ರಮವಿರುವ ದಿನ ಅವರ ತಲೆ ಕುರ್ಚಿ, ಮೈಕು, ಹೂಗುಚ್ಛದಾಚೆಗೆ ಹೋಗುತ್ತಿರಲಿಲ್ಲ.

"ಸರ್, ಗ್ರಹ ಹೋಯ್ತು."

"ಎಲ್ಲಿಗೆ?"

"ಇಲ್ಲವೇ ಇಲ್ಲವಂತೆ. ವಾಪಸ್ ತಗೊಂಡಿದ್ದಾರೆ."

"ಗ್ರಹ ಏನು ಎರವಲು ಕೊಟ್ಟ ಛತ್ರೀನಾ ಮೇಡಂ, ವಾಪಸ್ ತಗೊಳ್ಳೋಕೆ?" ಎಂದು ನಕ್ಕವರು ಆಕೆಯ ಮುಖ ನೋಡಿ ನಗು ನಿಲ್ಲಿಸಿದರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ಫಲಕವನ್ನು ಆಕೆಯ ಕಡೆ ತಿರುಗಿಸಿದರು. ಹಿತ್ತಾಳೆಯಲ್ಲಿ ದಪ್ಪಗೆ ಕೊರೆಸಿದ್ದರು: 'ದೂರದರ್ಶಕಕ್ಕಿಂತ ಮೊದಲು ಕಂಡವರಿಗೆ'.

"ಇದನ್ನ ಏನ್ಮಾಡ್ಲಿ? ಬಾಗಿಲು ಹಾಕ್ಕೊಳ್ಳದ ಹಾಗೆ ಅಡ್ಡ ಇಡ್ಲಾ? ಜನ ಬರ್ತಿದ್ದಾರೆ. ಅವರ ಮಗ ಅರ್ಧ ಆಫೀಸನ್ನೇ ಕರ್ಕೊಂಡು ಬರ್ತಿದ್ದಾನೆ. ನಿನ್ನೆಯ ಪಟ್ಟಿ ನಿಮ್ಮ ಹತ್ರ ಇರುತ್ತಲ್ಲ?"

"ಇರುತ್ತೆ."

"ಅದನ್ನೇ ಹಾಕಿ. ನಾಳೆ ಬೆಳಿಗ್ಗೆ ಹೊಸದು ಹಾಕ್ಕೊಳ್ಳಿ. ಒಂದು ದಿನಕ್ಕೆ ಆಕಾಶವೇನೂ ಕಳಚಿ ಬೀಳಲ್ಲ."

"ಗೊತ್ತಿದ್ದೂ ಗೊತ್ತಿದ್ದೂ ಬಿಳಿ ಹೇಗೆ ಹಾಕ್ಲಿ ಸರ್?"

"ನೀವೆಲ್ಲಿ ಹಾಕ್ತೀರಿ? ಯಂತ್ರ ಹಾಕುತ್ತೆ."

"ಯಂತ್ರಕ್ಕೆ ಹೇಳೋಳು ನಾನೇ ಅಲ್ವಾ."

ನಿರ್ದೇಶಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೇಡಂ, ನಿಮ್ಮ ಜರಡಿಗೆ ನಾನು ಯಾವತ್ತೂ ಅಡ್ಡ ಬಂದಿಲ್ಲ. ಆದ್ರೆ ಇವತ್ತು ಮುದುಕರ ಮಾನ ಅದರ ಮೇಲಿದೆ. ನಾಲ್ಕು ಜನರ ಮುಂದೆ ಅವರನ್ನ ಕರ್ಸಿ, ಕೂರ್ಸಿ, ನಿಮ್ಮ ಗ್ರಹ ಸುಳ್ಳು ಅಂತ ಹೇಳೋಕಾಗುತ್ತಾ? ಹಾಕಿ ಅಂದ್ರೆ ಹಾಕಿ. ಇದು ನಾನು ಹೇಳ್ತಿರೋದು."

"ಅಜ್ಜನಿಗೆ ಮೊದಲು ತಿಳಿಸ್ತೀನಿ."

"ತಿಳ್ಸಿ, ತಿಳ್ಸಿ. ಬಿಳಿ ಹಾಕಮ್ಮ ಅಂತ ಅವರೇ ಹೇಳ್ತಾರೆ."

ಮಧ್ಯಾಹ್ನದ ಹೊತ್ತಿಗೆ ಮುಂದಿನ ಹಜಾರ ತುಂಬಿತ್ತು. ಅಜ್ಜ ಇಸ್ತ್ರಿಯ ಗೆರೆ ಇನ್ನೂ ಮುರಿಯದ ಅಂಗಿ ತೊಟ್ಟು, ಕುರ್ಚಿಗೆ ಬೆನ್ನು ಆನಿಸದೆ ಕೂತಿದ್ದರು. ಪಕ್ಕದಲ್ಲಿ ಮಗ. ಟೈರು ಮಾರುವ ಕಂಪನಿಯೊಂದರಲ್ಲಿ ದೊಡ್ಡ ಗಂಟಲಿನಿಂದಲೇ ಮೇಲೆ ಬಂದವನು. ಸುತ್ತ ನಿಂತ ಸಹೋದ್ಯೋಗಿಗಳಿಗೆ ಹೇಳುತ್ತಿದ್ದ, "ನಮ್ಮಪ್ಪನಿಗೆ ದುರ್ಬೀನೂ ಬೇಡ, ಪಿಎಚ್‌ಡೀನೂ ಬೇಡ. ಕೂತಲ್ಲೇ ಕಂಡುಹಿಡಿದುಬಿಟ್ರು. ನಾನು ಚಿಕ್ಕವನಿದ್ದಾಗ್ಲೇ ಗೊತ್ತಿತ್ತು ನನಗೆ!"

"ಗೊತ್ತಿದ್ದು ಸುಮ್ಮನಿದ್ದೆಯಾ ಮಾರಾಯ?" ಎಂದ ಒಬ್ಬ. ಎಲ್ಲರೂ ನಕ್ಕರು. ಅಜ್ಜನೂ ನಕ್ಕರು, ಮಗನ ಕೈ ತಮ್ಮ ಹೆಗಲ ಮೇಲಿರುವುದನ್ನು ಕದಲಿಸದೆ, ಹುಷಾರಾಗಿ ನಕ್ಕರು.

ಜರಡಿ ಅದನ್ನು ನೋಡಿದಳು. ವಾಪಸ್ ಹೋಗಿಬಿಡೋಣವೆನ್ನಿಸಿತು. ಮೈಕ್ ಪರೀಕ್ಷೆ ಮಾಡಬೇಕೆಂದು ನೆಪ ಹೇಳಿ ಅಜ್ಜನನ್ನು ಹಳೆಯ ಯಂತ್ರಗಳನ್ನಿಟ್ಟ ಓಣಿಯಂಥ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಅಜ್ಜ, ಒಂದು ಕೆಟ್ಟ ಸುದ್ದಿ. ಆ ಗ್ರಹ ಇಲ್ಲವಂತೆ."

"ಯಾವುದು? ನಂದಾ?"

"ನಿಮ್ಮದಲ್ಲ. ವಿಜ್ಞಾನಿಗಳದ್ದು. ಇವತ್ತು ನಸುಕಿನಲ್ಲಿ ಪಟ್ಟಿಯಿಂದ ತೆಗೆದ್ರು." ಕಲೆಯ ವಿಷಯ ವಿವರಿಸಿದಳು.

ಅಜ್ಜ ಒಂದು ಮರದ ಪೆಟ್ಟಿಗೆಯ ಮೇಲೆ ಕೂತರು. "ಅಂದ್ರೆ ಮೀಟರ್ ಸರಿ ಇತ್ತು, ಓದಿದವರು ತಪ್ಪಿದ್ರು."

"ಹಾಗೇ ಅನ್ಕೊಳ್ಳಿ."

ಹೊರಗಿನಿಂದ ಮಗನ ನಗು ಬಾಗಿಲು ದಾಟಿ ಬರುತ್ತಿತ್ತು. ಅಜ್ಜ ಆ ಕಡೆ ಕಿವಿಗೊಟ್ಟರು.

"ಇವತ್ತೊಂದು ದಿನ ಇರ್ಲಿ ಮಗಳೇ."

ಜರಡಿ ಇಲ್ಲವೆಂದು ತಲೆಯಾಡಿಸಿದಳು.

"ಒಂದೇ ದಿನ. ಅವನು ಮನೆಗೆ ಹೋಗ್ಲಿ. ನಾನೇ ಆಮೇಲೆ ಯಾವತ್ತಾದ್ರೂ ನಿಧಾನವಾಗಿ ಹೇಳ್ತೀನಿ. ಅಷ್ಟು ಜನರನ್ನ ಕರ್ಕೊಂಡು ಬಂದಿದ್ದಾನಲ್ಲ, ಅವನ ಮುಖ ಏನಾಗ್ಬೇಕು? ನೀನೂ ಒಬ್ಬ ಅಪ್ಪನ ಮಗಳು."

"ಅಜ್ಜ, ನಿಮ್ಮ ಕಾಲು ಬೇಕಾದ್ರೆ ಹಿಡ್ಕೋತೀನಿ. ಬಿಳಿ ಹಾಕೋಕೆ ಮಾತ್ರ ಹೇಳ್ಬೇಡಿ."

ಅಜ್ಜ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡರು. "ನಾನು ಮೀಟರ್ ಓದುವಾಗ್ಲೂ ಜನ ಹೀಗೇ ಕೇಳೋರು. 'ಈ ಸಲ ಒಂಚೂರು ಕಡಿಮೆ ಬರೀರಿ' ಅಂತ. ಬರೀಲಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ನನಗೆ ಒಂದು ಲೋಟ ನೀರೂ ಹುಟ್ಟಲಿಲ್ಲ." ತಲೆಯೆತ್ತಿ, "ಅಂಥವನು ನಾನು. ಈಗ ನಿನ್ನ ಮುಂದೆ ಕೂತು ಕೇಳ್ತಿದ್ದೀನಿ ನೋಡು," ಎಂದರು.

ಎದ್ದು ಹೊರಟರು. ಬಾಗಿಲ ಬಳಿ ನಿಂತು, ಹಿಂದಿರುಗಿ ನೋಡದೆ, "ಹಾಕ್ತೀಯೋ ಬಿಡ್ತೀಯೋ ನನಗೆ ಗೊತ್ತಿಲ್ಲ. ನನ್ನ ಕೇಳ್ಬೇಡ," ಎಂದರು.

ಪ್ರದರ್ಶನ ಶುರುವಾಗುವ ಹೊತ್ತಿಗೆ ಜರಡಿ ತನ್ನ ಜಾಗದಲ್ಲಿ ಕೂತಿದ್ದಳು. ನಿಯಂತ್ರಣದ ಮೇಜು ಗುಮ್ಮಟದ ಹಿಂಬದಿಯಲ್ಲಿತ್ತು. ಅಲ್ಲಿಂದ ಜನರ ತಲೆಗಳಷ್ಟೇ ಕಾಣುತ್ತಿದ್ದವು. ಅವಳು ಎರಡನ್ನೂ ಸಿದ್ಧ ಮಾಡಿಟ್ಟಿದ್ದಳು. ಎಡಗೈಯ ಗುಂಡಿ ಒತ್ತಿದರೆ ನಿನ್ನೆಯ ಪಟ್ಟಿ, ಬಲಗೈಯದಕ್ಕೆ ಇವತ್ತಿನದು. ಹೀಗೆ ಎರಡನ್ನೂ ಇಟ್ಟುಕೊಂಡಾಗಲೇ ತಾನು ಅರ್ಧ ಸೋತೆನೆಂದು ಅವಳಿಗೆ ಗೊತ್ತಿತ್ತು. ಅಜ್ಜನ ಹೆಗಲ ಮೇಲಿನ ಆ ಕೈ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಒಂದು ಚುಕ್ಕೆ. ಸಾಸಿವೆ ಕಾಳಿನಷ್ಟು ಬೆಳಕು. ಅದರಿಂದ ಯಾರ ಗಂಟೇನು ಹೋಗುತ್ತದೆ?

ದೀಪಗಳು ಆರಿದವು. ನಿರ್ದೇಶಕರ ಧ್ವನಿ ಧ್ವನಿವರ್ಧಕದಲ್ಲಿ ಗಂಭೀರವಾಗಿ ಹರಡಿತು.

"ಸ್ನೇಹಿತರೇ, ನಮ್ಮಲ್ಲಿ ಒಂದು ಸರಳ ನಿಯಮವಿದೆ. ಕಿತ್ತಳೆ ಕಂಡರೆ ಅದು ಕಥೆ, ಆನಂದಿಸಿ. ಬಿಳಿ ಕಂಡರೆ ಅದು ನಿಜ, ಕಣ್ಣುಮುಚ್ಚಿ ನಂಬಿ."

ನಂಬಿ ಎಂದಾಗ ಕತ್ತಲಲ್ಲಿ ಅಷ್ಟೂ ಜನ ತಲೆ ಮೇಲೆತ್ತಿದ್ದರು. ಬಾಯಿ ತೆರೆದುಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ, ತೋರಿಸಿದ್ದನ್ನು ತೆಗೆದುಕೊಳ್ಳಲು ತಯಾರಾಗಿದ್ದರು. ಆಕಾಶ ತಿರುಗಿತು. ಮಂಕು ಕೆಂಪು ನಕ್ಷತ್ರ ದೊಡ್ಡದಾಗುತ್ತಾ ಹತ್ತಿರ ಬಂತು. "ಇಗೋ," ಎಂದರು ನಿರ್ದೇಶಕರು, "ಈಗ ನೀವು ನೋಡಲಿರುವುದು..."

ಜರಡಿಯ ಎಡಗೈ ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಬಲಗೈ ಒತ್ತಿತು.

ನಕ್ಷತ್ರದ ಪಕ್ಕ ಕಿತ್ತಳೆ ಚುಕ್ಕೆಯೊಂದೇ ಕಾಣಿಸಿಕೊಂಡಿತು.

ನಿರ್ದೇಶಕರ ಮಾತು ಅರ್ಧಕ್ಕೇ ತುಂಡಾಯಿತು. ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ಆಮೇಲೆ ಮಗನ ದೊಡ್ಡ ಗಂಟಲು: "ಎಲ್ಲಿ ಸರ್ ಬಿಳೀದು? ಬಲ್ಬ್ ಸುಟ್ಟುಹೋಯ್ತಾ?" ಅವನ ಗುಂಪಿನಲ್ಲಿ ನಗು ಎದ್ದಿತು. ಆದರೆ ಅವನ ಧ್ವನಿಯಲ್ಲಿ ನಗುವಿರಲಿಲ್ಲ.

"ಒಂದು ಸಣ್ಣ ತಾಂತ್ರಿಕ ತೊಂದರೆ, ದಯವಿಟ್ಟು ಕೂತಿರಿ," ಎಂದು ಹೇಳಿ ನಿರ್ದೇಶಕರು ಕತ್ತಲಲ್ಲಿ ತಡವರಿಸುತ್ತಾ ಮೇಜಿನ ಬಳಿ ಬಂದರು. ಆಕೆಯ ಕಿವಿಯ ಹತ್ತಿರ ಹಲ್ಲು ಕಚ್ಚಿ, "ಹಾಕ್ರೀ," ಎಂದರು.

"ತಾಂತ್ರಿಕ ತೊಂದರೆ ಏನೂ ಇಲ್ಲ ಸರ್."

"ನಿಮ್ಮ ದಮ್ಮಯ್ಯ, ಹಾಕಿ."

ಜರಡಿ ತನ್ನ ಮುಂದಿದ್ದ ಮೈಕನ್ನು ಎಳೆದುಕೊಂಡಳು. ಜನರಿಗೆ ಅವಳೇ ಹೇಳಬೇಕಿತ್ತು. ಮೈಕಿನ ಗುಂಡಿಗೆ ಕೈಯಿಟ್ಟವಳು ತಡೆದಳು. ಈ ಕತ್ತಲಲ್ಲಿ ಎಲ್ಲೋ ಒಂದು ಕುರ್ಚಿಯಲ್ಲಿ ಅಜ್ಜ ಕೂತಿದ್ದಾರೆ. ತಾನೀಗ ಆಡುವ ಮೊದಲ ಮಾತಿಗೆ ಆ ಕೈ ಅವರ ಹೆಗಲಿಂದ ಕೆಳಗಿಳಿಯುತ್ತದೆ.

"ಬಲ್ಬ್ ಸರಿಯಾಗೇ ಇದೆ ಕಣೋ."

ಮೈಕಿಲ್ಲದ ಸ್ವರ. ಗುಮ್ಮಟ ಅದನ್ನೆತ್ತಿಕೊಂಡು ಎಲ್ಲ ಮೂಲೆಗೂ ಕೊಟ್ಟಿತು. ಮುಂದಿನ ಸಾಲಿನಲ್ಲಿ ಒಂದು ಸಣ್ಣ ಆಕೃತಿ ಎದ್ದು ನಿಂತಿತ್ತು.

"ಅಪ್ಪಾ, ಕೂತ್ಕೊಳ್ಳಿ, ಅವರು ಸರಿಮಾಡ್ತಾರೆ."

"ಸರಿಮಾಡೋಕೇನಿಲ್ಲ. ಅಲ್ಲಿ ಗ್ರಹ ಇಲ್ಲ ಅಂತ ಇವತ್ತು ತೀರ್ಮಾನ ಆಯ್ತಂತೆ. ಆ ಹುಡುಗಿ ನನಗೆ ಮೊದಲೇ ಹೇಳಿದ್ಲು. ಆದ್ರೂ ತೋರಿಸು ಅಂತ ನಾನೇ ಗೋಗರೆದೆ. ಅವಳು ಒಪ್ಪಲಿಲ್ಲ." ಅಜ್ಜ ಉಸಿರು ತೆಗೆದುಕೊಂಡರು. "ಸರ್, ಆ ಫಲಕ ಬೇಡ. ನಾನು ಯಾರಿಗಿಂತ ಮೊದಲೂ ಏನೂ ಕಂಡೋನಲ್ಲ. ಗೇಟ್ ಮುಂದೆ ನಿಂತು ಹೊತ್ತು ಹೋಗ್ದೆ ಕಟ್ಟಿದ್ದು. ಅದೋ, ಆ ಕಿತ್ತಳೆದು, ಅದು ನಂದು. ಅದನ್ನ ತೆಗೆಯೋಕೆ ಯಾರಿಂದಾನೂ ಆಗಲ್ಲ."

ಹಿಂಬದಿಯ ಬಾಗಿಲು ತೆರೆದು ಹೊರಗಿನ ಬಿಸಿಲು ಒಂದು ಪಟ್ಟೆಯಾಗಿ ಒಳಗೆ ಬಿತ್ತು. ಮಗನ ಗೆಳೆಯರಲ್ಲಿ ಇಬ್ಬರೋ ಮೂವರೋ ಎದ್ದು ಹೋದರು. ಇನ್ನೊಂದು ಆಕೃತಿಯೂ ಎದ್ದು ನಿಂತಿತು. ಅಗಲ ಭುಜ. ಮಗ.

"ಬಂದವರು ಬಾಗಿಲಲ್ಲೇ ನಿಂತು ಯಾಕೆ ಹೋಗ್ತೀರಿ?" ಎಂದರು ಅಜ್ಜ. ಆಮೇಲೆ ಜರಡಿಯ ಮೇಜಿನ ಕಡೆ ತಿರುಗಿದರು. "ಒಳಗೆ ಕರ್ಕೊಂಡು ಹೋಗಮ್ಮ."

ಜರಡಿ ಕಿತ್ತಳೆ ಚುಕ್ಕೆಯೊಳಕ್ಕೆ ಇಳಿದಳು. ಅಜ್ಜನ ಪುಸ್ತಕಗಳ ಪುಟದಿಂದ ಪುಟಕ್ಕೆ ಹೋಗಿ ಅವಳು ಕೂಡಿಸಿಟ್ಟ ಲೋಕ ಗುಮ್ಮಟದ ತುಂಬ ಬಿಚ್ಚಿಕೊಂಡಿತು. ಒಂದು ಬದಿಗೆ ಕಣ್ಣು ಕುಕ್ಕುವ ಹಗಲು, ಇನ್ನೊಂದು ಬದಿಗೆ ಕಾಡಿಗೆಯಂಥ ಇರುಳು, ನಡುವೆ ಮುಸ್ಸಂಜೆಯ ಬೀದಿ. ಬೀದಿಯುದ್ದಕ್ಕೂ ತಗ್ಗು ಮನೆಗಳು, ಕಿಟಕಿಗಳಲ್ಲಿ ಹೆಚ್ಚು ಕಡಿಮೆ ಉರಿಯುವ ದೀಪಗಳು. ಎಲ್ಲವೂ ಕಿತ್ತಳೆ.

ಅವಳ ಕಣ್ಣು ಮೇಲಿರಲಿಲ್ಲ. ಆ ಅಗಲ ಭುಜದ ಮೇಲಿತ್ತು. ಅದು ಬಾಗಿಲ ಕಡೆ ತಿರುಗಿತು. ಅಲ್ಲೇ ನಿಂತಿತು. ಅವಳು ಬೀದಿಯನ್ನು ತೀರ ನಿಧಾನವಾಗಿ ಸಾಗಿಸಿದಳು, ಜೋರಾಗಿ ಸಾಗಿಸಿದರೆ ಏನೋ ಕಡಿದುಹೋದೀತೆಂಬ ಹಾಗೆ. ಒಂದು ಮನೆ ದಾಟಿತು, ಇನ್ನೊಂದು ದಾಟಿತು. ಮಗ ತಲೆಯೆತ್ತಿ ಮೇಲೆ ನೋಡಿದ. ಬಹಳ ಹೊತ್ತಾದ ಮೇಲೆ ಆ ಅಗಲ ಭುಜ ತಗ್ಗಿ, ಅಪ್ಪನ ಪಕ್ಕದ ಅದೇ ಕುರ್ಚಿಯಲ್ಲಿ ಕೂತಿತು.

"ಅಪ್ಪಾ." ಗಂಟಲು ಈಗ ಸಣ್ಣದಾಗಿತ್ತು. "ಎಲ್ಲಾ ಮನೇಲೂ ದೀಪ ಇದೆ. ಆ ತಿರುವಿನ ಮನೇಲಿ ಮಾತ್ರ ಯಾಕಿಲ್ಲ?"

"ಓದಿದ್ರೆ ಕೇಳ್ತಿರಲಿಲ್ಲ."

ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಮಗ ಅಪ್ಪನ ಕಡೆ ವಾಲಿದ.

"ಓದಿಲ್ಲ ಅಂತ ಗೊತ್ತಲ್ಲ. ಹೇಳಿ ಮತ್ತೆ."

"ಅದಾ? ಎದುರು ಮನೇಲಿ ಒಂದು ಕೂಸಿದೆ. ಬೆಳಕು ಬಿದ್ರೆ ನಿದ್ದೆ ಮಾಡಲ್ಲ. ಅದಕ್ಕೇ ಇವರು ಹಚ್ಚಲ್ಲ. ಬೆಳಕು ಅಳೆಯೋನು ಬಂದು ನೋಡ್ತಾನೆ, ಇವರದ್ದು ಸೊನ್ನೆ. ಏನೋ ಮೋಸ ಇದೆ ಅಂತ ಬಾಗಿಲು ತಟ್ತಾನೆ..."

ಮುಂದಿನ ಸಾಲುಗಳು ಆ ಸ್ವರದ ಕಡೆ ಬಾಗಿದವು. ನಿರ್ದೇಶಕರು ಇನ್ನೂ ಜರಡಿಯ ಬೆನ್ನ ಹಿಂದೆಯೇ ನಿಂತಿದ್ದರು; ಫಲಕ ಕೈಯಲ್ಲೇ ಇತ್ತು. ಮೆಲ್ಲಗೆ, ಆದರೆ ಒಂದೊಂದೂ ಕೇಳಿಸುವ ಹಾಗೆ ಹೇಳಿದರು:

"ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ."

"ಬರ್ತೀನಿ ಸರ್," ಎಂದಳು ಜರಡಿ. ಬೀದಿ ಅಲುಗದ ಹಾಗೆ, ಅಜ್ಜನ ಮಾತಿನ ಜೊತೆಗೇ, ತಿರುವಿನ ಮನೆಯ ಬಾಗಿಲನ್ನು ಜನರ ನೆತ್ತಿಯ ಮೇಲೆ ತಂದು ನಿಲ್ಲಿಸಿದಳು.